ಎಂಜಿನ್ ಬದಲಾವಣೆ (ಹಳೆಯ ಕಾರುಗಳು)

ಎಂಜಿನ್ ಬದಲಾವಣೆ ಎಂದರೆ ಕಾರಿನ ತಯಾರಕರು ಮೊದಲು ಅಳವಡಿಸಿದ್ದ ಎಂಜಿನ್ನನ್ನು ತೆಗೆದು, ಅದರ ಜಾಗದಲ್ಲಿ ಬೇರೆ ಮಾದರಿಯ ಅಥವಾ ಬೇರೆ ತಯಾರಕರ ಎಂಜಿನ್ನನ್ನು ಕೂರಿಸುವ ಕೆಲಸ. ಇದನ್ನು ಹವ್ಯಾಸಿಗಳು ಸಾಮಾನ್ಯವಾಗಿ ಎಂಜಿನ್ ಸ್ವಾಪ್ ಎಂದು ಕರೆಯುತ್ತಾರೆ. ಹೆಚ್ಚಿನ ಶಕ್ತಿ, ಇಂಧನದ ಉಳಿತಾಯ, ಬಿಡಿಭಾಗಗಳ ಸುಲಭ ಲಭ್ಯತೆ ಮತ್ತು ದಿನಬಳಕೆಯಲ್ಲಿ ನಂಬಿಕೆ ಇವು ಇದರ ಮುಖ್ಯ ಉದ್ದೇಶಗಳು. ಇಂತಹ ಕಾರನ್ನು ಹೊಂದಬಯಸುವವರ ಮುಂದೆ ಎರಡು ದಾರಿಗಳಿರುತ್ತವೆ: ಮೂಲಸ್ಥಿತಿಯ ಹಳೆಯ ಕಾರೊಂದನ್ನು ಕೊಂಡು ಬದಲಾವಣೆಯನ್ನು ತಾವೇ ಮಾಡುವುದು ಅಥವಾ ಮಾಡಿಸುವುದು, ಇಲ್ಲವೇ ಬೇರೊಬ್ಬರು ಈಗಾಗಲೇ ಬದಲಾಯಿಸಿ ಮುಗಿಸಿದ ಕಾರನ್ನು ಕೊಳ್ಳುವುದು. ಮೊದಲ ದಾರಿಯಲ್ಲಿ ಹಣ ಮತ್ತು ಕಾಲದ ಅಂದಾಜು ತಪ್ಪುವ ಅಪಾಯ ಹೆಚ್ಚು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಕೆಲಸದ ಗುಣಮಟ್ಟವನ್ನು ಅಳೆಯುವುದು ಕಷ್ಟ. ಎರಡರಲ್ಲಿಯೂ ಎಂಜಿನ್ನಿಗಿಂತ ಅದರ ಸುತ್ತಲಿನ ವ್ಯವಸ್ಥೆಗಳು ಮತ್ತು ಕಾರಿನ ದಾಖಲೆಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ.

## ಪರಿಭಾಷೆ

ಹಾಳಾದ ಎಂಜಿನ್ನಿನ ಬದಲಿಗೆ ಅದೇ ಮಾದರಿಯ ಇನ್ನೊಂದು ಎಂಜಿನ್ನನ್ನು ಹಾಕುವುದು ದುರಸ್ತಿಯೇ ಹೊರತು ಈ ಲೇಖನದ ಅರ್ಥದಲ್ಲಿ ಎಂಜಿನ್ ಬದಲಾವಣೆಯಲ್ಲ. ಕಾರನ್ನು ಅದು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ತರುವುದನ್ನು ಪುನಃಸ್ಥಾಪನೆ ಎನ್ನುತ್ತಾರೆ. ಹೊರರೂಪವನ್ನು ಹಳೆಯದರಂತೆಯೇ ಉಳಿಸಿ ಎಂಜಿನ್, ಬ್ರೇಕ್ ಮತ್ತು ಸಸ್ಪೆನ್ಶನ್‌ಗಳನ್ನು ಆಧುನಿಕಗೊಳಿಸಿದ ಕಾರಿಗೆ ರೆಸ್ಟೊಮಾಡ್ ಎಂಬ ಹೆಸರಿದೆ. ತಯಾರಕರು ಬಿಡಿಯಾಗಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಹೊಸ ಎಂಜಿನ್ನನ್ನು ಕ್ರೇಟ್ ಎಂಜಿನ್ ಎಂದು ಕರೆಯಲಾಗುತ್ತದೆ. ಹಲವು ಬದಲಾವಣೆಗಳಲ್ಲಿ ಹೊಸ ಎಂಜಿನ್ನಿನ ಬದಲು ಅಪಘಾತಕ್ಕೀಡಾದ ಅಥವಾ ಗುಜರಿಗೆ ಬಂದ ಕಾರಿನಿಂದ ತೆಗೆದ ಎಂಜಿನ್ನನ್ನೇ ಬಳಸುತ್ತಾರೆ.

## ಇತಿಹಾಸ

ಅಮೆರಿಕದ ಹಾಟ್ ರಾಡ್ ಸಂಪ್ರದಾಯವು ಎಂಜಿನ್ ಬದಲಾವಣೆಯನ್ನು ಜನಪ್ರಿಯಗೊಳಿಸಿತು. ಫೋರ್ಡ್ ಕಂಪನಿಯು 1932ರಲ್ಲಿ ಕಡಿಮೆ ಬೆಲೆಯ ಕಾರಿನಲ್ಲಿ ವಿ8 ಎಂಜಿನ್ನನ್ನು ನೀಡಿದ ಬಳಿಕ, ಅದನ್ನು ಹಗುರವಾದ ಹಳೆಯ ಫೋರ್ಡ್ ಕಾರುಗಳಿಗೆ ಅಳವಡಿಸುವುದು ರೂಢಿಯಾಯಿತು. ದಕ್ಷಿಣ ಕ್ಯಾಲಿಫೋರ್ನಿಯದ ಒಣಗಿದ ಸರೋವರಗಳ ಬಯಲಿನಲ್ಲಿ ಇಂತಹ ಕಾರುಗಳ ವೇಗಸ್ಪರ್ಧೆಗಳು ನಡೆಯುತ್ತಿದ್ದವು. 1955ರಲ್ಲಿ ಬಂದ ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ಗಾತ್ರದಲ್ಲಿ ಚಿಕ್ಕದಾಗಿದ್ದು, ಅಗ್ಗವಾಗಿಯೂ ಹೇರಳವಾಗಿಯೂ ದೊರೆಯುತ್ತಿದ್ದುದರಿಂದ ಮುಂದಿನ ಹಲವು ದಶಕಗಳ ಕಾಲ ಬದಲಾವಣೆಗೆ ಮೊದಲ ಆಯ್ಕೆಯಾಗಿ ಉಳಿಯಿತು. ಜನರಲ್ ಮೋಟಾರ್ಸ್ ಕಂಪನಿಯು 1997ರ ಕಾರ್ವೆಟ್ ಕಾರಿನಲ್ಲಿ ಪರಿಚಯಿಸಿದ ಎಲ್‌ಎಸ್ ಸರಣಿಯ ಎಂಜಿನ್ನುಗಳು ಈಗ ಆ ಸ್ಥಾನವನ್ನು ಪಡೆದಿವೆ.

ಕಾರು ತಯಾರಕರೂ ಇದೇ ದಾರಿಯನ್ನು ಹಿಡಿದ ಉದಾಹರಣೆಗಳಿವೆ. ಕ್ಯಾರೊಲ್ ಶೆಲ್ಬಿ ಅವರು 1962ರಲ್ಲಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಎಂಜಿನ್ ಅಳವಡಿಸಿದಾಗ ಎಸಿ ಕೋಬ್ರಾ ರೂಪುಗೊಂಡಿತು. 1964ರಲ್ಲಿ ಬಂದ ಸನ್‌ಬೀಮ್ ಟೈಗರ್ ಕಾರು, ನಾಲ್ಕು ಸಿಲಿಂಡರುಗಳ ಸನ್‌ಬೀಮ್ ಆಲ್ಪೈನ್ ಕಾರಿಗೆ ಫೋರ್ಡ್ ವಿ8 ಎಂಜಿನ್ ಕೂರಿಸಿ ತಯಾರಿಸಿದ್ದು. ಟೈಗರ್‌ಗಾಗಿ ಸ್ಟಿಯರಿಂಗ್ ವ್ಯವಸ್ಥೆಯನ್ನೇ ಬದಲಾಯಿಸಬೇಕಾಯಿತು. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಬೇಕಾಯಿತು. ಒಂದು ಸ್ಪಾರ್ಕ್ ಪ್ಲಗ್ಗನ್ನು ಕಳಚಲು ಪ್ರಯಾಣಿಕರ ಕಡೆಯಿಂದಲೇ ಕೈಹಾಕುವಂತೆ ಗೋಡೆಯಲ್ಲಿ ರಂಧ್ರವಿಡಬೇಕಾಯಿತು. ಕಾರ್ಖಾನೆಯ ಸಾಧನಸಾಮಗ್ರಿಗಳಿದ್ದವರಿಗೂ ಜಾಗದ ಕೊರತೆ ಎಷ್ಟು ಕಾಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿ ಎಂಜಿನ್ ಬದಲಾವಣೆಯ ಹಿಂದಿದ್ದ ಮುಖ್ಯ ಪ್ರೇರಣೆ ವೇಗವಲ್ಲ, ಇಂಧನದ ಖರ್ಚು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ದಶಕಗಳಲ್ಲಿ ಅಂಬಾಸಿಡರ್ ಕಾರುಗಳಿಗೂ ಜೀಪುಗಳಿಗೂ ಗ್ಯಾರೇಜುಗಳಲ್ಲಿ ಡೀಸೆಲ್ ಎಂಜಿನ್ ಕೂರಿಸುವುದು ಪರಿಚಿತ ಕೆಲಸವಾಗಿತ್ತು. ತಯಾರಕರು ತಾವೇ ಎಂಜಿನ್ ಬದಲಿಸಿದ ಉದಾಹರಣೆಗಳೂ ಇಲ್ಲಿವೆ. ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಹಿಂದೂಸ್ತಾನ್ ಅಂಬಾಸಿಡರ್ ಕಾರು ಬಹುಕಾಲ 1.5 ಲೀಟರಿನ ಬ್ರಿಟಿಷ್ ಮೂಲದ ಎಂಜಿನ್ನಿನಲ್ಲಿ ಓಡಿತು. 1990ರ ದಶಕದಲ್ಲಿ ಅದೇ ದೇಹಕ್ಕೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂತು. 1984ರಲ್ಲಿ ಬಿಡುಗಡೆಯಾದ ಕಾಂಟೆಸಾ ಕಾರು ಕೂಡ ಮೊದಲು ಆ ಹಳೆಯ 1.5 ಲೀಟರ್ ಎಂಜಿನ್ನನ್ನು ಹೊಂದಿದ್ದು, ತನ್ನ ತೂಕಕ್ಕೆ ತಕ್ಕ ಶಕ್ತಿಯನ್ನು ಪಡೆದದ್ದು ಇಸುಜು ಎಂಜಿನ್ ಬಂದ ಮೇಲೆಯೇ.

## ತಾಂತ್ರಿಕ ಅಂಶಗಳು

### ಜಾಗ ಮತ್ತು ತೂಕ

ಹೊಸ ಎಂಜಿನ್ ಬಾನೆಟ್ಟಿನ ಕೆಳಗೆ ಹಿಡಿಸಿದರೆ ಸಾಲದು. ಅದರ ತಳದ ಆಯಿಲ್ ಸಂಪ್ ಮುಂಭಾಗದ ಅಡ್ಡತೊಲೆಗೆ ತಾಗಬಾರದು, ಹೊಗೆಕೊಳವೆ ಸ್ಟಿಯರಿಂಗ್ ದಂಡಕ್ಕೆ ಅಡ್ಡಬರಬಾರದು, ರೇಡಿಯೇಟರ್ ಮತ್ತು ಫ್ಯಾನಿಗೆ ಮುಂದೆ ಸ್ಥಳವಿರಬೇಕು. ಎಂಜಿನ್ ಕೂರುವ ಬ್ರಾಕೆಟ್ಟುಗಳನ್ನು ಚಾಸಿಗೆ ಅಥವಾ ಕಾರಿನ ದೇಹಕ್ಕೆ ಹೊಸದಾಗಿ ವೆಲ್ಡ್ ಮಾಡಬೇಕಾಗುತ್ತದೆ. ಚಾಸಿಯಿಲ್ಲದೆ ದೇಹವೇ ಭಾರವನ್ನು ಹೊರುವ ಕಾರುಗಳಲ್ಲಿ ಎಂಜಿನ್ನಿನ ಬಲವೂ ಅದೇ ತಗಡಿನ ಮೇಲೆ ಬೀಳುವುದರಿಂದ, ತುಕ್ಕು ಹಿಡಿದ ದೇಹದ ಮೇಲೆ ಶಕ್ತಿಯುತ ಎಂಜಿನ್ ಕೂರಿಸುವುದು ಅಪಾಯಕರ. ಹೊಸ ಎಂಜಿನ್ ಹಳೆಯದಕ್ಕಿಂತ ಭಾರವಾಗಿದ್ದರೆ ಕಾರಿನ ಮೂತಿ ತಗ್ಗುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ, ತಿರುವುಗಳಲ್ಲಿ ಕಾರು ನೇರಕ್ಕೆ ಜಾರಲು ಹವಣಿಸುತ್ತದೆ.

### ಗೇರ್‌ಬಾಕ್ಸ್ ಮತ್ತು ಆಕ್ಸಲ್

ಹಳೆಯ ಗೇರ್‌ಬಾಕ್ಸ್ ಹೊಸ ಎಂಜಿನ್ನಿನ ಟಾರ್ಕನ್ನು ತಾಳುವುದು ಅಪರೂಪ. ಆದ್ದರಿಂದ ಎಂಜಿನ್ನಿನೊಂದಿಗೆ ಅದರದೇ ಗೇರ್‌ಬಾಕ್ಸನ್ನೂ ತರುವುದು ವಾಡಿಕೆ. ಆಗ ಗೇರ್ ಲಿವರ್ ಬೇರೆ ಸ್ಥಾನಕ್ಕೆ ಬರುತ್ತದೆ, ನೆಲದ ಸುರಂಗವನ್ನು ಅಗಲಿಸಬೇಕಾಗುತ್ತದೆ, ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತಕ್ಕಂತೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಶಾಫ್ಟಿನ ಎರಡು ತುದಿಗಳ ಕೋನಗಳು ಹೊಂದದಿದ್ದರೆ ವೇಗ ಏರಿದಂತೆ ಇಡೀ ಕಾರು ಕಂಪಿಸುತ್ತದೆ. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತವೂ ಸಣ್ಣ ಎಂಜಿನ್ನಿಗೆ ತಕ್ಕಂತೆ ಇರುವುದರಿಂದ, ಅದನ್ನು ಹಾಗೆಯೇ ಬಿಟ್ಟರೆ ದೊಡ್ಡ ಎಂಜಿನ್ ಹೆದ್ದಾರಿಯಲ್ಲಿ ಅನವಶ್ಯಕವಾಗಿ ವೇಗವಾಗಿ ತಿರುಗುತ್ತದೆ.

### ಇಂಧನ, ತಂಪುಗೊಳಿಕೆ ಮತ್ತು ವೈರಿಂಗ್

ಕಾರ್ಬ್ಯುರೇಟರ್ ಇದ್ದ ಕಾರಿಗೆ ಇಂಜೆಕ್ಷನ್ ಎಂಜಿನ್ ಬಂದಾಗ ಇಂಧನ ವ್ಯವಸ್ಥೆ ಪೂರ್ತಿಯಾಗಿ ಬದಲಾಗುತ್ತದೆ. ಕಾರ್ಬ್ಯುರೇಟರಿಗೆ ಅರ್ಧ ಬಾರ್‌ಗಿಂತ ಕಡಿಮೆ ಒತ್ತಡ ಸಾಕು; ಸಾಮಾನ್ಯ ಇಂಜೆಕ್ಷನ್ ವ್ಯವಸ್ಥೆಗೆ ಸುಮಾರು 3ರಿಂದ 4 ಬಾರ್ ಬೇಕು. ಹಳೆಯ ರಬ್ಬರ್ ಕೊಳವೆಗಳು ಈ ಒತ್ತಡಕ್ಕೆ ಸೋರಿದರೆ ಬೆಂಕಿಯ ಅಪಾಯವಿದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದರ ಸಂವೇದಕಗಳು ಮತ್ತು ಹಳೆಯ ಕಾರಿನ ಸರಳ ವೈರಿಂಗ್ ಇವುಗಳನ್ನು ಜೋಡಿಸುವುದು ಹವ್ಯಾಸಿಗಳು ಹೆಚ್ಚಾಗಿ ಎಡವುವ ಹಂತ.

### ಬ್ರೇಕ್

ಚಲಿಸುವ ಕಾರಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರಿಗೆ ಹೋಲಿಸಿದರೆ 140 ಕಿ.ಮೀ. ವೇಗದಲ್ಲಿರುವ ಅದೇ ಕಾರಿನ ಚಲನಶಕ್ತಿ ಸುಮಾರು ಎರಡು ಪಟ್ಟು. ಕಾರು ನಿಲ್ಲಬೇಕಾದರೆ ಇದಷ್ಟನ್ನೂ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಆದ್ದರಿಂದ ಬ್ರೇಕ್, ಟೈರ್ ಮತ್ತು ಸಸ್ಪೆನ್ಶನ್‌ಗಳನ್ನು ಹಾಗೆಯೇ ಬಿಟ್ಟು ಎಂಜಿನ್ ಮಾತ್ರ ಬದಲಿಸಿದ ಕಾರನ್ನು ಅಪೂರ್ಣವೆಂದೇ ಪರಿಗಣಿಸಬೇಕಾಗುತ್ತದೆ.

## ಉದಾಹರಣೆ: ಎಂಜಿಬಿ ಮತ್ತು ರೋವರ್ ವಿ8

ಬ್ರಿಟನ್ನಿನ ಎಂಜಿಬಿ ಕಾರಿನ ಕಥೆಯಲ್ಲಿ ಕಟ್ಟುವ ಮತ್ತು ಕೊಳ್ಳುವ ಎರಡೂ ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ. 1962ರಲ್ಲಿ ಬಂದ ಈ ಕಾರಿನಲ್ಲಿ ಎರಕದ ಕಬ್ಬಿಣದ, ನಾಲ್ಕು ಸಿಲಿಂಡರುಗಳ 1.8 ಲೀಟರ್ ಎಂಜಿನ್ ಇತ್ತು. ಹೆಚ್ಚು ಶಕ್ತಿಗಾಗಿ ಕಂಪನಿಯು 1967ರಲ್ಲಿ ಆರು ಸಿಲಿಂಡರುಗಳ ಸುಮಾರು 3 ಲೀಟರಿನ ಎಂಜಿನ್ನುಳ್ಳ ಎಂಜಿಸಿ ಮಾದರಿಯನ್ನು ತಂದಿತು. ಆ ಉದ್ದನೆಯ, ಭಾರವಾದ ಎಂಜಿನ್ನನ್ನು ಹಿಡಿಸಲು ಮುಂಭಾಗದ ನೆಲವನ್ನೂ ಸಸ್ಪೆನ್ಶನ್ನನ್ನೂ ಹೊಸದಾಗಿ ವಿನ್ಯಾಸಗೊಳಿಸಬೇಕಾಯಿತು. ಮೂತಿ ಭಾರವೆಂಬ ಟೀಕೆಯನ್ನು ಎದುರಿಸಿದ ಈ ಮಾದರಿಯ ತಯಾರಿಕೆ 1969ರಲ್ಲಿ ನಿಂತಿತು.

ಇದೇ ವೇಳೆಗೆ ಇನ್ನೊಂದು ಎಂಜಿನ್ ಬ್ರಿಟನ್ನಿಗೆ ಬಂದಿತ್ತು. ಅಮೆರಿಕದ ಬ್ಯೂಕ್ ಕಂಪನಿಯು 1960ರ ದಶಕದ ಆರಂಭದಲ್ಲಿ ತಯಾರಿಸಿ ಕೈಬಿಟ್ಟಿದ್ದ 3.5 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್ನಿನ ಹಕ್ಕುಗಳನ್ನು ರೋವರ್ ಕಂಪನಿ ಪಡೆದು, 1967ರಿಂದ ತನ್ನ ಕಾರುಗಳಲ್ಲಿ ಬಳಸತೊಡಗಿತು. ಎಂಟು ಸಿಲಿಂಡರುಗಳಿದ್ದರೂ ಇದರ ತೂಕ ಎಂಜಿಬಿಯ ಕಬ್ಬಿಣದ ಎಂಜಿನ್ನಿನ ತೂಕಕ್ಕೆ ಹೆಚ್ಚೂಕಡಿಮೆ ಸಮವಾಗಿತ್ತು. ಕೆನ್ ಕಾಸ್ಟೆಲೊ ಎಂಬ ಬ್ರಿಟಿಷ್ ತಂತ್ರಜ್ಞರು ಈ ಎಂಜಿನ್ನನ್ನು ಎಂಜಿಬಿಗೆ ಅಳವಡಿಸಿ ಮಾರಲಾರಂಭಿಸಿದರು. ಅದರ ಯಶಸ್ಸಿನ ಬಳಿಕ ಕಂಪನಿಯೇ 1973ರಲ್ಲಿ ಎಂಜಿಬಿ ಜಿಟಿ ವಿ8 ಮಾದರಿಯನ್ನು ಬಿಡುಗಡೆ ಮಾಡಿತು.

ಕಾರ್ಖಾನೆಯು ಮಾಡಿದ ಬದಲಾವಣೆಗಳ ಪಟ್ಟಿ ಗಮನಾರ್ಹ. ಬಾನೆಟ್ಟಿನ ಕೆಳಗೆ ಹಿಡಿಸುವಂತೆ ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಹಿಂಭಾಗಕ್ಕೆ ಸರಿಸಲಾಯಿತು. ಹಿಂದಿನ ಆಕ್ಸಲ್ಲಿನ ಅನುಪಾತವನ್ನು 3.9ರಿಂದ 3.07ಕ್ಕೆ ಇಳಿಸಲಾಯಿತು, ಮುಂದಿನ ಬ್ರೇಕುಗಳನ್ನು ಬಲಪಡಿಸಲಾಯಿತು. 137 ಅಶ್ವಶಕ್ತಿಯ ಈ ಕಾರು ಗಂಟೆಗೆ ಸುಮಾರು 200 ಕಿ.ಮೀ. ವೇಗವನ್ನು ಮುಟ್ಟುತ್ತಿತ್ತು. ಆದರೆ ಅದು ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ 1973ರ ತೈಲ ಬಿಕ್ಕಟ್ಟು ತಲೆದೋರಿತು. 1976ರವರೆಗೆ 2,591 ಕಾರುಗಳು ಮಾತ್ರ ತಯಾರಾದವು. ಆ ಅವಧಿಯಲ್ಲಿ ತೆರೆದ ಛಾವಣಿಯ ವಿ8 ಮಾದರಿಯನ್ನು ಕಂಪನಿ ಮಾರಲೇ ಇಲ್ಲ.

ಈ ಕೊರತೆಯನ್ನು ಹವ್ಯಾಸಿಗಳು ತುಂಬಿದರು. 1970ರ ದಶಕದ ನಡುಭಾಗದಲ್ಲಿ ರಬ್ಬರ್ ಬಂಪರಿನೊಂದಿಗೆ ಬಂದ ಎಂಜಿಬಿಗಳ ಎಂಜಿನ್ ಕೋಣೆಯು ವಿ8 ಮಾದರಿಯೊಂದಿಗೆ ಸಮಾನ ವಿನ್ಯಾಸವನ್ನು ಹೊಂದಿರುವುದರಿಂದ, ಅವು ಬದಲಾವಣೆಗೆ ಅನುಕೂಲಕರವೆಂದು ಹೆಸರಾದವು. 1988ರಿಂದ ಎಂಜಿಬಿಯ ಹೊಸ ಲೋಹದೇಹಗಳೂ ಮಾರುಕಟ್ಟೆಯಲ್ಲಿ ದೊರೆಯತೊಡಗಿದವು. 1993ರಿಂದ 1995ರವರೆಗೆ ಕಂಪನಿಯು 3.9 ಲೀಟರ್ ವಿ8 ಎಂಜಿನ್ನುಳ್ಳ ಆರ್‌ವಿ8 ಎಂಬ ತೆರೆದ ಕಾರನ್ನು ಅದೇ ವಿನ್ಯಾಸದ ಮೇಲೆ ತಯಾರಿಸಿತು. ಹೀಗಾಗಿ ಇಂದು ವಿ8 ಎಂಜಿಬಿ ಬಯಸುವವರ ಮುಂದೆ ಕಾರ್ಖಾನೆಯ ಜಿಟಿ, ಆರ್‌ವಿ8, ಬೇರೊಬ್ಬರು ಬದಲಾಯಿಸಿದ ಕಾರು, ತಾವೇ ಕಟ್ಟುವ ಕಾರು ಎಂಬ ನಾಲ್ಕು ಆಯ್ಕೆಗಳಿವೆ. ಎಂಜಿಸಿಯ ಅನುಭವದೊಂದಿಗೆ ಹೋಲಿಸಿದರೆ, ಶಕ್ತಿಗಿಂತ ತೂಕ ಮತ್ತು ಗಾತ್ರದ ಹೊಂದಾಣಿಕೆಯೇ ಈ ಬದಲಾವಣೆಯ ಯಶಸ್ಸಿಗೆ ಕಾರಣವೆಂಬುದು ತಿಳಿಯುತ್ತದೆ.

## ಕಟ್ಟುವುದು ಮತ್ತು ಕೊಳ್ಳುವುದು

### ಸ್ವತಃ ಕಟ್ಟುವುದು

ಕಾರನ್ನು ಸ್ವತಃ ಕಟ್ಟುವವರಿಗೆ ಅದರ ಪ್ರತಿಯೊಂದು ಭಾಗದ ಪರಿಚಯವಿರುತ್ತದೆ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಎಷ್ಟು ಶಕ್ತಿ ಎಂಬ ಆಯ್ಕೆ ಅವರದೇ. ಖರ್ಚನ್ನು ಹಲವು ವರ್ಷಗಳಿಗೆ ಹಂಚಬಹುದು. ಮುಂದೆ ದುರಸ್ತಿ ಬೇಕಾದಾಗ ದೋಷ ಎಲ್ಲಿದೆಯೆಂದು ಹುಡುಕುವುದು ಸುಲಭ.

ಅಂದಾಜು ತಪ್ಪುವುದು ಸಣ್ಣ ವಸ್ತುಗಳಲ್ಲಿ. ಎಂಜಿನ್ನಿನ ಬೆಲೆ ಮೊದಲೇ ತಿಳಿದಿರುತ್ತದೆ. ಆದರೆ ಕ್ಲಚ್, ಫ್ಲೈವೀಲ್, ರೇಡಿಯೇಟರ್, ಶಾಫ್ಟ್, ಸೈಲೆನ್ಸರ್, ಇಂಧನ ಪಂಪ್, ವೈರಿಂಗ್, ಕೊಳವೆಗಳು, ಮೀಟರುಗಳು ಮತ್ತು ಬ್ರೇಕುಗಳ ಒಟ್ಟು ಮೊತ್ತವು ಎಂಜಿನ್ನಿನ ಬೆಲೆಯನ್ನು ಮೀರುವುದು ಸಾಮಾನ್ಯ. ಕಾರನ್ನು ಕಳಚಿದ ಮೇಲೆ ಕಾಣಿಸುವ ತುಕ್ಕಿನ ದುರಸ್ತಿ ಇದಕ್ಕೆ ಸೇರುತ್ತದೆ. ವೆಲ್ಡಿಂಗ್, ಲೇತ್ ಕೆಲಸ ಮತ್ತು ವೈರಿಂಗ್ ಈ ಮೂರನ್ನೂ ಹೊರಗೆ ಕೊಟ್ಟು ಮಾಡಿಸಬೇಕಾದವರಿಗೆ ಸ್ವತಃ ಕಟ್ಟುವುದರಿಂದ ಉಳಿಯುವ ಹಣ ಕಡಿಮೆ. ಒಳಾಂಗಣದ ಜಾಗ, ಸಲಕರಣೆ ಮತ್ತು ಬಿಡುವಿನ ವೇಳೆ ಸಾಲದೆ ಅರ್ಧಕ್ಕೇ ನಿಂತ ಕಾರುಗಳು ಮಾರಾಟಕ್ಕೆ ಬರುವುದುಂಟು.

ವೃತ್ತಿಪರ ಕಾರ್ಯಾಗಾರಕ್ಕೆ ಒಪ್ಪಿಸುವುದು ಮಧ್ಯದ ದಾರಿ. ಇಲ್ಲಿ ಕೌಶಲದ ಕೊರತೆ ನೀಗುತ್ತದೆ, ಆದರೆ ಕೂಲಿಯೇ ದೊಡ್ಡ ಖರ್ಚಾಗುತ್ತದೆ. ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ನೋಂದಣಿಯ ತಿದ್ದುಪಡಿ ಯಾರ ಹೊಣೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಲಿಖಿತವಾಗಿ ನಿಗದಿಪಡಿಸಿಕೊಳ್ಳುವುದು ಅಗತ್ಯ.

### ಸಿದ್ಧ ಕಾರನ್ನು ಕೊಳ್ಳುವುದು

ಬದಲಾವಣೆಗೆ ಮಾಡಿದ ಖರ್ಚು ಮಾರುವಾಗ ಪೂರ್ತಿಯಾಗಿ ಹಿಂತಿರುಗುವುದು ವಿರಳ. ಇದರಿಂದ ಮಾರುವವರಿಗೆ ನಷ್ಟವಾದರೂ ಕೊಳ್ಳುವವರಿಗೆ ಲಾಭ. ಮುಗಿಸಿದ ಕಾರೊಂದು ಅದನ್ನು ಕಟ್ಟಲು ತಗಲಿದ ಮೊತ್ತಕ್ಕಿಂತ ಕಡಿಮೆಗೆ ಸಿಗುವ ಸಂಭವವಿರುತ್ತದೆ. ಓಡಿಸಿ ನೋಡಿ ಕೊಳ್ಳಬಹುದೆಂಬುದು ಇನ್ನೊಂದು ಅನುಕೂಲ.

ಆದರೆ ಇಂತಹ ಕಾರಿಗೆ ತಯಾರಕರ ಕೈಪಿಡಿ ಇರುವುದಿಲ್ಲ. ಎಂಜಿನ್ ಒಂದು ಕಾರಿನದು, ಗೇರ್‌ಬಾಕ್ಸ್ ಇನ್ನೊಂದರದು, ರೇಡಿಯೇಟರ್ ಮತ್ತೊಂದರದು ಆಗಿರಬಹುದು. ಯಾವ ಭಾಗ ಎಲ್ಲಿಂದ ಬಂತೆಂಬ ಪಟ್ಟಿಯಿಲ್ಲದಿದ್ದರೆ ಒಂದು ನೀರಿನ ಪಂಪ್ ಕೆಟ್ಟರೂ ಬದಲಿಯನ್ನು ಹುಡುಕುವುದು ಕಷ್ಟವಾಗುತ್ತದೆ. ಆದ್ದರಿಂದ ಬಿಲ್ಲುಗಳು, ಕೆಲಸದ ಹಂತಗಳ ಛಾಯಾಚಿತ್ರಗಳು, ವೈರಿಂಗ್ ನಕ್ಷೆ ಮತ್ತು ಬಿಡಿಭಾಗಗಳ ಪಟ್ಟಿ ಕಾರಿನ ಮೌಲ್ಯದ ಭಾಗವೇ ಆಗಿವೆ. ಕೊಳ್ಳುವ ಮೊದಲು ಸಾಮಾನ್ಯವಾಗಿ ಪರಿಶೀಲಿಸುವ ಅಂಶಗಳು ಇವು:

- ನೋಂದಣಿ ಪ್ರಮಾಣಪತ್ರದಲ್ಲಿರುವ ಎಂಜಿನ್ ಸಂಖ್ಯೆ, ಇಂಧನ ಮತ್ತು ಚಾಸಿ ಸಂಖ್ಯೆಗಳು ಕಾರಿನೊಂದಿಗೆ ತಾಳೆಯಾಗುತ್ತವೆಯೇ ಎಂಬುದು.
- ಎಂಜಿನ್ ಬ್ರಾಕೆಟ್ಟುಗಳ ವೆಲ್ಡಿಂಗ್ ಅಚ್ಚುಕಟ್ಟಾಗಿದೆಯೇ, ಅವುಗಳ ಸುತ್ತ ಬಿರುಕು ಅಥವಾ ತುಕ್ಕು ಇದೆಯೇ ಎಂಬುದು.
- ತಣ್ಣಗಿರುವಾಗ ಎಂಜಿನ್ ಸಲೀಸಾಗಿ ಶುರುವಾಗುತ್ತದೆಯೇ, ದಟ್ಟಣೆಯಲ್ಲಿ ನಿಂತಾಗಲೂ ಉಷ್ಣತೆ ಹತೋಟಿಯಲ್ಲಿರುತ್ತದೆಯೇ ಎಂಬುದು.
- ಹೆದ್ದಾರಿಯ ವೇಗದಲ್ಲಿ ಕಂಪನವಿದೆಯೇ, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆಯೇ ಎಂಬುದು.
- ಇಂಧನ ಕೊಳವೆಗಳು ಹೊಗೆಕೊಳವೆಯಿಂದ ದೂರವಿವೆಯೇ, ವೈರಿಂಗಿಗೆ ಸರಿಯಾದ ಫ್ಯೂಸುಗಳಿವೆಯೇ ಎಂಬುದು.
- ಬದಲಾವಣೆಯ ಬಳಿಕ ಕಾರು ನಿಜವಾಗಿ ಎಷ್ಟು ದೂರ ಓಡಿದೆ ಎಂಬುದು.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಮುಗಿಸಿದ ಕೂಡಲೇ ಮಾರಾಟಕ್ಕಿಟ್ಟ ಕಾರಿನ ದೋಷಗಳು ಇನ್ನೂ ಹೊರಬಿದ್ದಿರುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಕಾರಿನಲ್ಲಿ ಅವು ಕಾಣಿಸಿಕೊಂಡು ಸರಿಪಡಿಸಲ್ಪಟ್ಟಿರುತ್ತವೆ.

ಗುರುತಿನ ವಂಚನೆಯೂ ಒಂದು ಸಮಸ್ಯೆ. ಸಾಮಾನ್ಯ ಆಲ್ಪೈನ್ ಕಾರಿಗೆ ವಿ8 ಎಂಜಿನ್ ಕೂರಿಸಿ ಅಸಲಿ ಟೈಗರ್ ಎಂದು ಮಾರಿದ ಪ್ರಕರಣಗಳಿಂದಾಗಿ, ಅಂತಹ ಕಾರುಗಳಿಗೆ ಹವ್ಯಾಸಿಗಳ ನಡುವೆ ಆಲ್ಜರ್ ಎಂಬ ಅಡ್ಡಹೆಸರೇ ಹುಟ್ಟಿಕೊಂಡಿದೆ. ಟೈಗರ್ ಮಾಲೀಕರ ಸಂಘಗಳು ಕಾರನ್ನು ಪರೀಕ್ಷಿಸಿ ದೃಢೀಕರಿಸುವ ವ್ಯವಸ್ಥೆಯನ್ನು ಹೊಂದಿವೆ.

### ಅರ್ಧ ಮುಗಿದ ಕಾರು

ಬೇರೊಬ್ಬರು ಅರ್ಧಕ್ಕೆ ಬಿಟ್ಟ ಕಾರು ಮೂರನೆಯ ಆಯ್ಕೆ. ಬೆಲೆ ಕಡಿಮೆಯಿದ್ದರೂ ಇದರಲ್ಲಿ ಎರಡೂ ದಾರಿಗಳ ಅಪಾಯಗಳು ಸೇರುತ್ತವೆ: ಹಿಂದಿನವರ ಕೆಲಸವನ್ನು ನಂಬಲಾಗದು, ಮುಂದಿನ ಖರ್ಚನ್ನು ಅಂದಾಜಿಸಲಾಗದು. ಕಳಚಿಟ್ಟ ಭಾಗಗಳಲ್ಲಿ ಯಾವುವು ಕಾಣೆಯಾಗಿವೆ ಎಂಬುದು ಜೋಡಿಸುವಾಗ ಮಾತ್ರ ತಿಳಿಯುತ್ತದೆ.

## ಕಾನೂನು

### ಭಾರತ

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನಗಳ ಮಾರ್ಪಾಡನ್ನು ನಿಯಂತ್ರಿಸುತ್ತದೆ. ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ ಮುಂತಾದ ಬೇರೆ ಇಂಧನ ಅಥವಾ ಶಕ್ತಿಮೂಲದಿಂದ ವಾಹನ ಓಡುವಂತೆ ಪರಿವರ್ತನಾ ಕಿಟ್ ಅಳವಡಿಸಲು ನಿಗದಿತ ಷರತ್ತುಗಳೊಂದಿಗೆ ಅವಕಾಶವಿದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಾಖಲೆ ಹೊಂದದ ಎಂಜಿನ್ನಿರುವ ಕಾರನ್ನು ಕೊಂಡವರು ಹೊಸ ಮಾಲೀಕರಾಗಿ ಈ ತೊಡಕನ್ನು ಎದುರಿಸಬೇಕಾಗುತ್ತದೆ. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ಅಡ್ಡಿಯಾಗಬಹುದು.

2021ರಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ಜಾರಿಗೆ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ ಮತ್ತು ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. ಚಾಸಿ, ದೇಹ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನಗಳು ಈ ವರ್ಗಕ್ಕೆ ಸೇರುವುದಿಲ್ಲ. ಹೀಗಾಗಿ 50 ವರ್ಷ ಹಳೆಯ ಕಾರಿನ ಎಂಜಿನ್ ಬದಲಿಸುವವರು ಈ ಸೌಲಭ್ಯವನ್ನು ಬಿಟ್ಟುಕೊಟ್ಟಂತೆಯೇ.

### ಇತರ ದೇಶಗಳು

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯ ವಿನಾಯಿತಿ ಇದೆ. ಕಳೆದ 30 ವರ್ಷಗಳಲ್ಲಿ ಗಣನೀಯವಾಗಿ ಬದಲಾದ ಕಾರುಗಳಿಗೆ ಅದು ಅನ್ವಯಿಸುವುದಿಲ್ಲ. ಆದರೆ ಆ ಮಾದರಿಗೆ ತಯಾರಕರೇ ಪರ್ಯಾಯವಾಗಿ ನೀಡಿದ್ದ ಎಂಜಿನ್ನನ್ನು ಹಾಕುವುದನ್ನು ಗಣನೀಯ ಬದಲಾವಣೆಯೆಂದು ಎಣಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಹೊಗೆ ತಪಾಸಣೆಗೆ ಒಳಪಡುವ ಕಾರಿಗೆ ಹಾಕುವ ಎಂಜಿನ್ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು ಮತ್ತು ತನ್ನ ಮಾಲಿನ್ಯ ನಿಯಂತ್ರಣ ಸಾಧನಗಳೆಲ್ಲವನ್ನೂ ಹೊಂದಿರಬೇಕು. ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಕಾರುಗಳಿಗೆ ಈ ತಪಾಸಣೆಯಿಲ್ಲ.

## ಮೂಲರೂಪ ಮತ್ತು ಮೌಲ್ಯ

ಮೂಲ ಎಂಜಿನ್ನಿನ ಸಂಖ್ಯೆ ದಾಖಲೆಗೆ ಹೊಂದುವ ಕಾರುಗಳಿಗೆ ಸಂಗ್ರಹಕಾರರು ಹೆಚ್ಚಿನ ಬೆಲೆ ಕೊಡುತ್ತಾರೆ. ಅಪರೂಪದ ಕಾರಿನ ಎಂಜಿನ್ ಬದಲಿಸುವುದು ಇತಿಹಾಸದ ದಾಖಲೆಯೊಂದನ್ನು ಅಳಿಸಿದಂತೆ ಎಂಬುದು ಸಂರಕ್ಷಣೆಯ ಪರವಾಗಿರುವವರ ವಾದ. ಬಿಡಿಭಾಗಗಳಿಲ್ಲದೆ ಮೂಲೆಯಲ್ಲಿ ತುಕ್ಕು ಹಿಡಿಯುವ ಕಾರಿಗಿಂತ ಬೇರೆ ಎಂಜಿನ್ನಿನಲ್ಲಾದರೂ ಓಡುವ ಕಾರು ಮೇಲು ಎಂಬುದು ಬದಲಾಯಿಸುವವರ ವಾದ. ಈ ಎರಡರ ನಡುವೆ, ಲೋಹವನ್ನು ಕತ್ತರಿಸದೆ ಮರಳಿ ಜೋಡಿಸಬಹುದಾದಂತೆ ಬದಲಾವಣೆ ಮಾಡಿ ಮೂಲ ಎಂಜಿನ್ನನ್ನು ಕಾಪಿಡುವ ಕ್ರಮವೂ ಇದೆ. ಮೂಲ ಎಂಜಿನ್ ಮೊದಲೇ ಕಳೆದುಹೋಗಿರುವ, ಹೇರಳವಾಗಿ ತಯಾರಾದ ಮಾದರಿಯ ಕಾರನ್ನು ಆರಿಸಿಕೊಂಡರೆ ನಷ್ಟ ಕಡಿಮೆ.

## ವಿದ್ಯುತ್ ಮೋಟಾರಿನ ಅಳವಡಿಕೆ

ಹಳೆಯ ಕಾರುಗಳಿಗೆ ವಿದ್ಯುತ್ ಮೋಟಾರ್ ಮತ್ತು ಬ್ಯಾಟರಿ ಅಳವಡಿಸುವುದು ಇತ್ತೀಚಿನ ಬೆಳವಣಿಗೆ. ಜಾಗ್ವಾರ್ ಕಂಪನಿಯು 2017ರಲ್ಲಿ ತನ್ನ ಹಳೆಯ ಇ-ಟೈಪ್ ಕಾರನ್ನು ಈ ರೀತಿ ಪರಿವರ್ತಿಸಿ ಪ್ರದರ್ಶಿಸಿತು. 2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯವರ ವಿವಾಹದಂದು ಆ ಮಾದರಿಯ ಕಾರು ಬಳಕೆಯಾಯಿತು. ಭಾರತದಲ್ಲಿ ಇದಕ್ಕೆ ಅಧಿಕೃತ ಪರೀಕ್ಷಾ ಸಂಸ್ಥೆಯ ಮಾನ್ಯತೆ ಪಡೆದ ಕಿಟ್ ಮತ್ತು ನೋಂದಣಿ ಪ್ರಾಧಿಕಾರದ ಅನುಮೋದನೆ ಅಗತ್ಯ. ಹೊಗೆಕೊಳವೆ, ರೇಡಿಯೇಟರ್ ಮತ್ತು ಇಂಧನ ಕೊಳವೆಗಳ ತೊಡಕು ಇಲ್ಲಿ ತಪ್ಪಿದರೂ ಬ್ಯಾಟರಿಯ ತೂಕವನ್ನು ಎಲ್ಲಿ ಕೂರಿಸಬೇಕು, ಬ್ರೇಕುಗಳು ಅದನ್ನು ತಾಳಬಲ್ಲವೇ ಎಂಬ ಹಳೆಯ ಪ್ರಶ್ನೆಗಳು ಉಳಿಯುತ್ತವೆ.

## ಇವನ್ನೂ ನೋಡಿ

- ಹಾಟ್ ರಾಡ್
- ಎಂಜಿಬಿ
- ಸನ್‌ಬೀಮ್ ಟೈಗರ್
- ಹಿಂದೂಸ್ತಾನ್ ಅಂಬಾಸಿಡರ್
- ವಿಂಟೇಜ್ ಕಾರು